ಕಬ್ಬಿನ ಕೋಶದೊಳಗಿನ ಲೆಕ್ಕ: ಕೊಯಮತ್ತೂರು ಮತ್ತು ಜಾನಕಿ ಅಮ್ಮಾಳ್

ಕೊಯಮತ್ತೂರು ಜಿಲ್ಲೆಯ ಮದುಕ್ಕರೈಯನ್ನು ಹೊರಗಿನವರು ಸುಣ್ಣಕಲ್ಲಿನ ಗುಡ್ಡಗಳಿಂದಲೂ ಸಿಮೆಂಟು ಕಾರ್ಖಾನೆಯಿಂದಲೂ ಗುರುತಿಸುವುದು ವಾಡಿಕೆಯಾದರೂ, ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಬಳಿ ಕಡಿದು ಕೇರಳದ ತೇವದ ಗಾಳಿ ಒಳನುಗ್ಗುವ ಈ ಪ್ರದೇಶಕ್ಕೆ ಜೀವಕೋಶ ವಿಜ್ಞಾನದ ಇತಿಹಾಸದಲ್ಲಿಯೂ ಗಟ್ಟಿಯಾದ ಸ್ಥಾನವಿದೆ. ಮದುಕ್ಕರೈಯಿಂದ ಉತ್ತರಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಮರುದಮಲೆಯ ದಾರಿಯಲ್ಲಿ ಇರುವ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯಲ್ಲಿ 1930ರ ದಶಕದಲ್ಲಿ ಇ.ಕೆ. ಜಾನಕಿ ಅಮ್ಮಾಳ್ ಅವರು ಸೂಕ್ಷ್ಮದರ್ಶಕದ ಕೆಳಗೆ ಕಬ್ಬಿನ ಮತ್ತು ಅದರ ಕಾಡುಬಂಧುಗಳ ವರ್ಣತಂತುಗಳನ್ನು ಎಣಿಸಿದರು. ಆ ಕಾಲಕ್ಕೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಕಾವೇರಿಯ ಬದಿಯಲ್ಲಿ ಕಬ್ಬು ನಾಟಿ ಮಾಡುತ್ತಿದ್ದ ಅನೇಕ ಕನ್ನಡ ರೈತರಿಗೆ ಈ ವಿಜ್ಞಾನ ನಡೆದ ಊರು ತಮ್ಮದೇ ಜಿಲ್ಲಾ ಕೇಂದ್ರವಾಗಿತ್ತು.

ಆ ಎಣಿಕೆಯ ಮಹತ್ವ ತಿಳಿಯಬೇಕಾದರೆ ಮೊದಲು ಕಬ್ಬಿನ ಜಲ್ಲೆಯ ಒಳಗೆ ಇಳಿಯಬೇಕು. ಗಣ್ಣು ಗಣ್ಣುಗಳ ನಡುವಿನ ತಿರುಳು ಲಕ್ಷಾಂತರ ಜೀವಕೋಶಗಳಿಂದಾಗಿದ್ದು, ಪ್ರತಿ ಕೋಶಕ್ಕೂ ಸೆಲ್ಯುಲೋಸಿನ ಗಡಸು ಕೋಶಭಿತ್ತಿ, ಅದರ ಒಳಮೈಗೆ ಅಂಟಿಕೊಂಡಂತೆ ಯಾವ ವಸ್ತು ಒಳಬರಬೇಕು ಯಾವುದು ಹೊರಹೋಗಬೇಕು ಎಂಬುದನ್ನು ನಿಯಂತ್ರಿಸುವ ಅತಿ ತೆಳುವಾದ ಕೋಶಪೊರೆ, ಅದರೊಳಗೆ ಕೋಶರಸ ಎಂಬ ಅರೆದ್ರವ, ಹಾಗೂ ಬೆಳೆದ ಕೋಶದ ಬಹುಪಾಲು ಜಾಗವನ್ನು ಆಕ್ರಮಿಸಿರುವ ರಸದಾನಿ ಎಂಬ ದ್ರವತುಂಬಿದ ಚೀಲ ಇರುತ್ತವೆ. ಎಲೆಯಲ್ಲಿ ತಯಾರಾದ ಸಕ್ಕರೆ ಜಲ್ಲೆಗೆ ಇಳಿದು ಬಂದು ಕೂಡಿಕೊಳ್ಳುವುದು ಮುಖ್ಯವಾಗಿ ಈ ರಸದಾನಿಗಳಲ್ಲಿ. ಗಾಣವು ಜಲ್ಲೆಯನ್ನು ಹಿಂಡುವುದೆಂದರೆ ಕೋಶಭಿತ್ತಿಗಳನ್ನು ಒಡೆದು ರಸದಾನಿಗಳನ್ನು ಬರಿದುಮಾಡುವುದು. ಉಳಿಯುವ ಸಿಪ್ಪೆ ಬಹುಮಟ್ಟಿಗೆ ಭಿತ್ತಿಗಳ ರಾಶಿ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ತೆಳುವಾಗಿ ಸೀಳಿದ ಬೆಂಡಿನಲ್ಲಿ ಕಂಡು ಚಿತ್ರಿಸಿದ್ದೂ ಇಂಥ ಖಾಲಿ ಭಿತ್ತಿಗಳನ್ನೇ. ಜೀವಂತ ಕೋಶದ ಒಳಗೇನಿದೆ ಎಂಬುದು ಆತನ ನೋಟಕ್ಕೆ ಸಿಕ್ಕಿರಲಿಲ್ಲ.

ಒಳಗಿನದು ತಿಳಿಯಲು ಇನ್ನೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ರಾಬರ್ಟ್ ಬ್ರೌನ್ 1831ರಲ್ಲಿ ಸೀತಾಳೆ ಜಾತಿಯ ಗಿಡಗಳ ಕೋಶಗಳಲ್ಲಿ ಮತ್ತೆ ಮತ್ತೆ ಕಾಣಿಸುವ ದುಂಡನೆಯ ಭಾಗವನ್ನು ಕೋಶಕೇಂದ್ರವೆಂದು ಗುರುತಿಸಿದನು. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು 1838ರಲ್ಲಿ ಷ್ಲೈಡೆನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ಸಾರಿದರು. ಹೊಸ ಕೋಶ ಹುಟ್ಟುವುದು ಹಳೆಯ ಕೋಶದಿಂದ ಮಾತ್ರ ಎಂಬ ತತ್ತ್ವವನ್ನು 1855ರ ಹೊತ್ತಿಗೆ ರುಡಾಲ್ಫ್ ವಿರ್ಕೋ ನೆಲೆಗೊಳಿಸಿದನು. ಕೋಶವೊಂದು ಎರಡಾಗುವ ಮುನ್ನ ಕೋಶಕೇಂದ್ರದೊಳಗಿನ ವಸ್ತು ದಾರದೆಳೆಗಳಂತೆ ದಪ್ಪಗಾಗಿ, ಪ್ರತಿ ಎಳೆಯೂ ಉದ್ದಕ್ಕೆ ಸೀಳಿ ಎರಡು ಮರಿಕೋಶಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆ ಎಂಬುದನ್ನು ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಸವಿವರವಾಗಿ ಪ್ರಕಟಿಸಿದನು. ಈ ಎಳೆಗಳೇ ವರ್ಣತಂತುಗಳು. ತಂದೆತಾಯಿಯರ ಗುಣಗಳು ಸಂತಾನಕ್ಕೆ ಸಾಗುವುದು ಇವುಗಳ ಮೂಲಕವೇ ಎಂಬ ವಾದವನ್ನು 1902–03ರಲ್ಲಿ ಬೊವೇರಿ ಮತ್ತು ಸಟನ್ ಬೇರೆ ಬೇರೆಯಾಗಿ ಮುಂದಿಟ್ಟರು. ಆ ವಾದ ಹುಟ್ಟಿ ಸುಮಾರು ಹತ್ತು ವರ್ಷಗಳಾಗಿದ್ದ 1912ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರ ಆರಂಭವಾಯಿತು.

ಅದುವರೆಗೆ ಭಾರತದ ರೈತ ಕಬ್ಬನ್ನು ಬೆಳೆಸುತ್ತಿದ್ದುದು ತುಂಡು ನೆಟ್ಟು, ಬೀಜ ಬಿತ್ತಿ ಅಲ್ಲ. ತುಂಡಿನಿಂದ ಬಂದ ಗಿಡ ತಾಯಿಗಿಡದ ಪಡಿಯಚ್ಚೇ ಆಗಿರುವುದರಿಂದ ಹೊಸ ತಳಿ ಹುಟ್ಟುವ ಅವಕಾಶವೇ ಇರುತ್ತಿರಲಿಲ್ಲ. ಕಬ್ಬಿನ ಹೂವಿನಲ್ಲಿ ಮೊಳೆಯಬಲ್ಲ ಬೀಜ ಕಟ್ಟುತ್ತದೆಂಬುದು ಜಾವಾ ಮತ್ತು ಬಾರ್ಬಡೋಸ್ ದ್ವೀಪಗಳಲ್ಲಿ 1880ರ ದಶಕದ ಕೊನೆಯಲ್ಲಷ್ಟೇ ಖಚಿತವಾಗಿತ್ತು. ಉತ್ತರ ಭಾರತದ ಚಳಿಗೆ ಕಬ್ಬು ಸರಿಯಾಗಿ ಹೂ ಬಿಡುವುದಿಲ್ಲ. ಹನ್ನೊಂದನೆಯ ಅಕ್ಷಾಂಶದ ಆಸುಪಾಸಿನಲ್ಲಿರುವ ಕೊಯಮತ್ತೂರಿನಲ್ಲಿ ಹಗಲು ಕಿರಿದಾಗುತ್ತ ಬರುವ ತಿಂಗಳುಗಳಲ್ಲಿಯೂ ರಾತ್ರಿಗಳು ಬೆಚ್ಚಗೆ ಉಳಿಯುವುದರಿಂದ ಕಬ್ಬು ಧಾರಾಳವಾಗಿ ತೆನೆ ಬಿಟ್ಟು ಬೀಜ ಕಟ್ಟುತ್ತದೆ. ಕೇಂದ್ರದ ಮೊದಲ ಮುಖ್ಯಸ್ಥ ಸಿ.ಎ. ಬಾರ್ಬರ್ ಹಾಗೂ ಅವರ ನಂತರ ಹೊಣೆ ಹೊತ್ತ ಟಿ.ಎಸ್. ವೆಂಕಟರಾಮನ್ ಅವರು, ರಸ ಹೆಚ್ಚಾಗಿದ್ದರೂ ಚಳಿ ರೋಗಗಳಿಗೆ ಬೇಗ ಸೋಲುವ ದಪ್ಪ ಕಬ್ಬನ್ನು, ಹಳ್ಳಕೊಳ್ಳಗಳ ದಂಡೆಯಲ್ಲಿ ಬೆಳ್ಳನೆಯ ತೆನೆ ಬಿಟ್ಟು ತಾನಾಗಿ ಬೆಳೆಯುವ, ಸಿಹಿಯಿಲ್ಲದಿದ್ದರೂ ಯಾವ ಕಷ್ಟವನ್ನೂ ತಾಳಬಲ್ಲ ಕಾಡುಕಬ್ಬಿನೊಡನೆ ಕೂಡಿಸಿದರು. ಹುಲ್ಲೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಗಿಡವನ್ನು ತಂದೆಯಾಗಿ ಆರಿಸಿಕೊಂಡದ್ದು ನಿಜಕ್ಕೂ ಧೈರ್ಯದ ಹೆಜ್ಜೆ. ಆ ಸಂಕರದಿಂದ ಬಂದ ಸಿಒ 205 ಎಂಬ ತಳಿ 1918ರಲ್ಲಿ ಬಿಡುಗಡೆಯಾಗಿ ಪಂಜಾಬಿನ ನಾಡಕಬ್ಬುಗಳನ್ನು ಹಿಂದಿಕ್ಕಿತು.

ತಳಿ ಗೆದ್ದಿತು, ಆದರೆ ಅದರ ಕೋಶಕೇಂದ್ರದೊಳಗೆ ನಡೆದದ್ದು ಸಾಮಾನ್ಯ ನಿಯಮಕ್ಕೆ ಒಗ್ಗುವಂಥದಾಗಿರಲಿಲ್ಲ. ಸಾಮಾನ್ಯವಾಗಿ ಅಂಡಾಣು ಮತ್ತು ಪರಾಗದ ಕೋಶಗಳು ರೂಪುಗೊಳ್ಳುವಾಗ ನಡೆಯುವ ವಿಶೇಷ ವಿಭಜನೆಯಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿದು, ಎರಡೂ ಕೂಡಿದಾಗ ಮೊದಲಿನ ಸಂಖ್ಯೆ ಮರಳುತ್ತದೆ. ದಪ್ಪ ಕಬ್ಬಿನ ಕೋಶದಲ್ಲಿ 80 ವರ್ಣತಂತುಗಳಿವೆ, ಕೊಯಮತ್ತೂರಿನ ಕಾಡುಕಬ್ಬಿನಲ್ಲಿ 64. ಆದ್ದರಿಂದ ಸಂಕರದಲ್ಲಿ 40 ಮತ್ತು 32 ಸೇರಿ 72 ಇರಬೇಕಿತ್ತು, ಇದ್ದದ್ದು 112. ತಂದೆಯ ಕಡೆಯಿಂದ ನಿಯಮದಂತೆ ಅರ್ಧ ಬಂದಿದ್ದರೂ, ತಾಯಿ ತನ್ನ 80 ವರ್ಣತಂತುಗಳನ್ನೂ ಇಡಿಯಾಗಿ ಕೊಟ್ಟಿತ್ತು. ಈ ವಿಚಿತ್ರ ವರ್ತನೆಯನ್ನು 1920ರ ದಶಕದಲ್ಲಿ ಮೊದಲು ಬಿಡಿಸಿ ತೋರಿಸಿದವರು ಜಾವಾದಲ್ಲಿ ಕೆಲಸ ಮಾಡುತ್ತಿದ್ದ ಡಚ್ ವಿಜ್ಞಾನಿ ಬ್ರೆಮರ್. ಸಿಹಿಯ ಕಡೆಯ ಪಾಲು ಒಂದೇ ಸಂಕರದಲ್ಲಿ ಇಷ್ಟು ಹೆಚ್ಚಾಗಿ ಉಳಿದುದರಿಂದಲೇ ಕಾಡುಗಿಡದ ಮಗುವಾಗಿಯೂ ಹೊಸ ಕಬ್ಬು ಗಾಣಕ್ಕೆ ಯೋಗ್ಯವಾಯಿತು.

ಜಾನಕಿ ಅಮ್ಮಾಳ್ ಕೊಯಮತ್ತೂರಿಗೆ ಬಂದದ್ದು 1934ರಲ್ಲಿ. 1897ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಮದರಾಸಿನಲ್ಲಿ ಓದಿ, ಬಾರ್ಬರ್ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದು, ಎರಡು ವರ್ಷ ತಿರುವನಂತಪುರದಲ್ಲಿ ಪ್ರಾಧ್ಯಾಪಕಿಯಾಗಿದ್ದ ಅವರು ಕೋಶಕೇಂದ್ರದ ಅಧ್ಯಯನದಲ್ಲಿ ಆಗಲೇ ಪಳಗಿದ್ದರು. (ವಿದ್ಯಾರ್ಥಿವೇತನದ ಬಾರ್ಬರ್ ಅಮೆರಿಕದ ದಾನಿ, ಕಬ್ಬಿನ ಬಾರ್ಬರ್ ಬೇರೆ.) ದೇಶದ ಬೇರೆ ಬೇರೆ ಕಡೆಗಳ ಕಾಡುಕಬ್ಬುಗಳ ವರ್ಣತಂತುಗಳನ್ನು ಎಣಿಸಿ 1936ರಲ್ಲಿ ಅವರು ಪ್ರಕಟಿಸಿದ ಅಧ್ಯಯನವು, ಕಣ್ಣಿಗೆ ಒಂದೇ ಬಗೆಯ ಹುಲ್ಲೆಂದು ತೋರುವ ಸಸ್ಯ ಕೋಶದ ಮಟ್ಟದಲ್ಲಿ ಹಲವು ಬಗೆಯದೆಂಬುದನ್ನು ಎತ್ತಿ ತೋರಿಸಿತು, ಈ ಜಾತಿಯಲ್ಲಿ ವರ್ಣತಂತುಗಳ ಸಂಖ್ಯೆ 40ರಿಂದ 128ರವರೆಗೆ ಹರಡಿದೆ ಎಂಬುದು ಇಂದು ಒಪ್ಪಿತವಾದ ಸಂಗತಿ. ಹೀಗೆ ಮೂಲ ಗುಂಪಿನ ವರ್ಣತಂತುಗಳು ಎರಡಕ್ಕಿಂತ ಹೆಚ್ಚು ಪಟ್ಟು ಇರುವ ಸ್ಥಿತಿಯನ್ನು ಬಹುಗುಣಿತತೆ ಎನ್ನುತ್ತಾರೆ. ತಳಿಗಾರನಿಗೆ ಇದು ಕೈಪಿಡಿಯಷ್ಟು ಮುಖ್ಯವಾದ ತಿಳಿವಳಿಕೆ, ಏಕೆಂದರೆ ಯಾವ ಕಾಡುಕಬ್ಬು ಎಷ್ಟು ವರ್ಣತಂತುಗಳನ್ನು ಹೊತ್ತು ತರುತ್ತದೆ ಎಂಬುದನ್ನು ಅರಿಯದೆ ಮಾಡಿದ ಸಂಕರ ಕುರುಡು ಪ್ರಯತ್ನವೇ ಸರಿ. ಕಬ್ಬನ್ನು ಮೆಕ್ಕೆಜೋಳದೊಡನೆ ಕೂಡಿಸಿ ಪಡೆದ ಸಂಕರದ ವಿವರವನ್ನು ಅವರು 1938ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು 1935ರಲ್ಲಿಯೇ ಫೆಲೋ ಆಗಿ ಆಯ್ಕೆಮಾಡಿತ್ತು.

ಭಾರತದ ಕಬ್ಬಿಗೆ ಸಿಹಿ ತಂದವರು ಜಾನಕಿ ಅಮ್ಮಾಳ್ ಎಂಬ ಮಾತು ಈಚೆಗೆ ಲೇಖನಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿದೆ. ಅಭಿಮಾನದಿಂದ ಹುಟ್ಟಿದ ಈ ಮಾತು ಅವರಿಗೆ ನ್ಯಾಯ ಒದಗಿಸುವುದಿಲ್ಲ: ಸಿಒ 205 ಹೊಲಕ್ಕಿಳಿದ ಹದಿನಾರು ವರ್ಷಗಳ ಬಳಿಕ ಅವರು ಸಂಸ್ಥೆಗೆ ಸೇರಿದವರು, ಸಿಹಿಯ ಕೀರ್ತಿ ಬಾರ್ಬರ್ ಮತ್ತು ವೆಂಕಟರಾಮನ್ ಅವರಿಗೆ ಸಲ್ಲಬೇಕಾದದ್ದು. ಜಾನಕಿ ಅಮ್ಮಾಳ್ ಅವರ ನಿಜವಾದ ಸಾಧನೆ ಅದಕ್ಕಿಂತ ಆಳವಾದದ್ದು. ಹೊಲದಲ್ಲಿ ಅನುಭವದ ಬಲದಿಂದ ನಡೆಯುತ್ತಿದ್ದ ಕೆಲಸಕ್ಕೆ ಕೋಶಕೇಂದ್ರದೊಳಗಿನ ಕಾರಣಗಳನ್ನು ಒದಗಿಸಿ, ಹುಲ್ಲಿನ ಕುಲದ ನಂಟಸ್ತಿಕೆ ಎಷ್ಟು ದೂರ ಚಾಚಿದೆ ಎಂಬುದನ್ನು ವರ್ಣತಂತುಗಳ ಸಾಕ್ಷ್ಯದಿಂದ ಪರೀಕ್ಷಿಸಿದವರು ಅವರು.

ಈ ಎಣಿಕೆ ಎಷ್ಟು ಕಠಿಣವೆಂಬುದನ್ನು ಇಂದಿನ ಓದುಗ ಊಹಿಸುವುದು ಸುಲಭವಲ್ಲ. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಕೋಶ ವಿಭಜನೆಯಾಗುವ ಅಲ್ಪಕಾಲ ಮಾತ್ರ. ಆದ್ದರಿಂದ ಬಿಡುವಿಲ್ಲದೆ ವಿಭಜಿಸುತ್ತಿರುವ ಬೇರಿನ ತುದಿಯನ್ನೋ ಬಲಿಯುತ್ತಿರುವ ಪರಾಗಕೋಶವನ್ನೋ ಆರಿಸಿ, ರಾಸಾಯನಿಕದಲ್ಲಿ ಅದ್ದಿ ಆ ಕ್ಷಣದ ಸ್ಥಿತಿಯಲ್ಲಿಯೇ ನಿಲ್ಲಿಸಿ, ಬಣ್ಣ ಹಿಡಿಸಿ, ಗಾಜಿನ ಮೇಲೆ ಒಂದೇ ಪದರಕ್ಕೆ ಹರಡಿ, ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು ಉದ್ದದ, ಒಂದರ ಮೇಲೊಂದು ಬಿದ್ದ ನೂರಕ್ಕೂ ಹೆಚ್ಚು ತುಣುಕುಗಳನ್ನು ಎಣಿಸಬೇಕು. ಮನುಷ್ಯನ ಕೋಶದಲ್ಲಿ 48 ವರ್ಣತಂತುಗಳಿವೆ ಎಂದು 1923ರಲ್ಲಿ ಪೇಂಟರ್ ಹೇಳಿದ ತಪ್ಪು ಲೆಕ್ಕವನ್ನು ಜಗತ್ತು ಮೂವತ್ತಕ್ಕೂ ಹೆಚ್ಚು ವರ್ಷ ನಂಬಿತ್ತೆಂಬುದನ್ನು ನೆನೆದರೆ, ಅದೇ ಅವಧಿಯಲ್ಲಿ ಕಬ್ಬಿನ 112ನ್ನು ಸರಿಯಾಗಿ ಎಣಿಸಿದವರ ನೈಪುಣ್ಯ ಮನವರಿಕೆಯಾಗುತ್ತದೆ. 1956ರಲ್ಲಿ ಆ ಸಂಖ್ಯೆಯನ್ನು 46ಕ್ಕೆ ತಿದ್ದಿದ ಜೋ ಹಿನ್ ತ್ಜಿಯೋ ಮತ್ತು ಆಲ್ಬರ್ಟ್ ಲೆವಾನ್ ಇಬ್ಬರೂ ಸಸ್ಯಗಳ ಅಧ್ಯಯನದಿಂದಲೇ ಬಂದವರು. ಅವರಿಗೆ ನೆರವಾದ ಕಾಲ್ಚಿಸಿನ್ ಎಂಬ ಗಿಡಮೂಲದ ವಿಷವಸ್ತು, ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಅತಿಸಣ್ಣ ನಳಿಗೆಗಳು ಕಟ್ಟಿಕೊಳ್ಳದಂತೆ ತಡೆದು ವಿಭಜನೆಯನ್ನು ನಡುವೆಯೇ ನಿಲ್ಲಿಸುತ್ತದೆ. ಆ ನಳಿಗೆಗಳಿಗೆ ಇಟ್ಟಿಗೆಯಾದ ಟ್ಯುಬುಲಿನ್ ಎಂಬ ಪ್ರೋಟೀನನ್ನು 1967ರಲ್ಲಿ ಬೊರಿಸಿ ಮತ್ತು ಟೇಲರ್ ಪತ್ತೆಹಚ್ಚಿದ್ದೂ ಕಾಲ್ಚಿಸಿನ್ನಿನ ಜಾಡು ಹಿಡಿದೇ.

ಎರಡನೆಯ ಮಹಾಯುದ್ಧದ ವರ್ಷಗಳನ್ನು ಜಾನಕಿ ಅಮ್ಮಾಳ್ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಕಳೆದರು, ಅಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಅವರೊಡನೆ ಸಿದ್ಧಪಡಿಸಿದ, ಕೃಷಿ ಸಸ್ಯಗಳ ವರ್ಣತಂತು ಸಂಖ್ಯೆಗಳ ಸೂಚಿಗ್ರಂಥ 1945ರಲ್ಲಿ ಹೊರಬಂದು ಬಹುಕಾಲ ಸಂಶೋಧಕರ ಮೇಜಿನ ಮೇಲಿತ್ತು. ಬಳಿಕ ವಿಸ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ ಅವರು ಕಾಲ್ಚಿಸಿನ್ ಬಳಸಿ ವರ್ಣತಂತುಗಳನ್ನು ಇಮ್ಮಡಿಗೊಳಿಸಿದ ಮ್ಯಾಗ್ನೋಲಿಯಾ ಮರಗಳಲ್ಲಿ ಒಂದು ಬಗೆಗೆ ಅವರದೇ ಹೆಸರಿದೆ. ನೆಹರೂ ಅವರ ಆಹ್ವಾನದ ಮೇರೆಗೆ 1951ರಲ್ಲಿ ದೇಶಕ್ಕೆ ಮರಳಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪುನರ್‌ವ್ಯವಸ್ಥೆಗೆ ದುಡಿದರು. ಆ ಸಂಸ್ಥೆಯ ದಕ್ಷಿಣ ವಲಯದ ಕಚೇರಿ 1955ರಲ್ಲಿ ಕೊಯಮತ್ತೂರಿನಲ್ಲಿಯೇ ನೆಲೆಗೊಂಡಿತು. 1977ರಲ್ಲಿ ಪದ್ಮಶ್ರೀ ಪಡೆದ ಅವರು, ಎಂಬತ್ತರ ಇಳಿವಯಸ್ಸಿನಲ್ಲಿ ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯ ಕಾಡು ಉಳಿಯಬೇಕೆಂದು ದನಿಯೆತ್ತಿ, 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಕೋಶಕೇಂದ್ರದ ಹೊರಗಿನ ರಚನೆಗಳಲ್ಲಿಯೂ ಕಬ್ಬು ವಿಜ್ಞಾನಕ್ಕೆ ಗುರುವಾಗಿದೆ. ಕಬ್ಬಿನ ಎಲೆಯಲ್ಲಿ ನರಗಳ ಸುತ್ತ ದೊಡ್ಡ ಕೋಶಗಳ ಒಂದು ಬಳೆ, ಅದರ ಹೊರಗೆ ಇನ್ನೊಂದು ಬಗೆಯ ಕೋಶಗಳಿದ್ದು, ಹೊರಗಿನವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿಸಿ ಒಳಗಿನವಕ್ಕೆ ದಾಟಿಸುತ್ತವೆ, ಒಳಗಿನವು ಅದನ್ನು ಬಿಡಿಸಿಕೊಂಡು ಸಕ್ಕರೆ ಕಟ್ಟುತ್ತವೆ. 1960ರ ದಶಕದಲ್ಲಿ ಹವಾಯಿಯ ಸಂಶೋಧಕರೂ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಅವರೂ ಬಯಲಿಗೆ ತಂದ ಈ ಏರ್ಪಾಡಿನಲ್ಲಿ, ಎರಡು ಬಗೆಯ ಕೋಶಗಳ ಕ್ಲೋರೋಪ್ಲಾಸ್ಟುಗಳ, ಎಂದರೆ ಬೆಳಕನ್ನು ಹೀರುವ ಹಸುರು ಕಣಗಳ, ಒಳರಚನೆ ಕೂಡ ಬೇರೆ ಬೇರೆಯಾಗಿದೆ. ಕ್ಲೋರೋಪ್ಲಾಸ್ಟುಗಳಲ್ಲಿಯೂ, ಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳಲ್ಲಿಯೂ ಕೋಶಕೇಂದ್ರದಿಂದ ಪ್ರತ್ಯೇಕವಾದ ಡಿಎನ್‌ಎ ಇದೆಯೆಂಬುದು ಅದೇ ದಶಕದಲ್ಲಿ ಸಿದ್ಧವಾಯಿತು. ಇವು ಬಹು ಹಿಂದೆ ಬೇರೊಂದು ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾಗಳ ಸಂತತಿ ಎಂದು ಲಿನ್ ಮಾರ್ಗ್ಯುಲಿಸ್ 1967ರಲ್ಲಿ ವಾದಿಸಿದ್ದು ಇಂದು ಪಠ್ಯಪುಸ್ತಕದ ಮಾತಾಗಿದೆ.

ಕಬ್ಬಿನಲ್ಲಿ ಈ ಎರಡೂ ಕಣಗಳು ಕೋಶರಸದೊಡನೆ ತಾಯಿಯ ಕಡೆಯಿಂದ ಮಾತ್ರ ಇಳಿದು ಬರುತ್ತವೆ. ಕೊಯಮತ್ತೂರು ಮತ್ತು ಜಾವಾದ ಮೊದಲ ಸಂಕರಗಳಿಂದ ಹಿಡಿದು, 2000ದಲ್ಲಿ ಬಿಡುಗಡೆಯಾಗಿ ಕರ್ನಾಟಕದ ಹೊಲಗಳನ್ನು ವ್ಯಾಪಿಸಿರುವ ಸಿಒ 86032ರವರೆಗೆ ತಾಯಿಯ ಸಾಲಿನಲ್ಲಿ ಬಹುಮಟ್ಟಿಗೆ ದಪ್ಪ ಕಬ್ಬೇ ಇರುವುದರಿಂದ, ಕೋಶಕೇಂದ್ರಗಳಲ್ಲಿ ಎಷ್ಟೇ ವೈವಿಧ್ಯವಿದ್ದರೂ ಕೋಶರಸ ಹೆಚ್ಚುಕಡಿಮೆ ಒಂದೇ ಮೂಲದ್ದಾಗಿ ಉಳಿದಿದೆ. ವರ್ಣತಂತುಗಳಿಗೆ ಬಣ್ಣದ ಗುರುತು ಹಚ್ಚಿ ಮೂಲ ಪತ್ತೆಮಾಡುವ ವಿಧಾನದಿಂದ ಫ್ರಾನ್ಸಿನ ಆಂಜೆಲಿಕ್ ದಾಂ ಮತ್ತು ಸಂಗಡಿಗರು 1996ರಲ್ಲಿ ಪರಿಶೀಲಿಸಿದ ಆಧುನಿಕ ತಳಿಯಲ್ಲಿ ಕಾಡುಕಬ್ಬಿನಿಂದ ಬಂದ ವರ್ಣತಂತುಗಳು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದವು, ಎರಡೂ ಕಡೆಯ ತುಂಡುಗಳು ಬೆಸೆದುಕೊಂಡವೂ ಸುಮಾರು ಅಷ್ಟೇ ಇದ್ದವು, ಉಳಿದ ಬಹುಪಾಲು ದಪ್ಪ ಕಬ್ಬಿನದಾಗಿತ್ತು. ಒಂದೇ ಕೋಶರಸವನ್ನು ನಂಬಿದ ಬೆಳೆಯಲ್ಲಿ ಅದಕ್ಕೇ ತಗಲುವ ರೋಗವೊಂದು ಬಂದರೆ ಏನಾಗಬಹುದೆಂಬುದನ್ನು 1970ರಲ್ಲಿ ಅಮೆರಿಕದ ಮೆಕ್ಕೆಜೋಳದ ಹೊಲಗಳು ಅನುಭವಿಸಿವೆ. ಅದಕ್ಕಾಗಿಯೇ ಕೊಯಮತ್ತೂರಿನ ಸಂಶೋಧಕರು ಕಾಡುಕಬ್ಬನ್ನೂ ಅದರ ದೂರದ ಬಂಧುವಾದ ಎರಿಯಾಂಥಸ್ ಹುಲ್ಲನ್ನೂ ಈಗ ತಾಯಿಯ ಸ್ಥಾನದಲ್ಲಿರಿಸಿ ಹೊಸ ಸಂಕರಗಳನ್ನು ಪಡೆಯುತ್ತಿದ್ದಾರೆ.