ಸಪಾಟ ಜಾಗವೋ, ಇಳಿಜಾರೋ? ಮೊದಲು ಮಣ್ಣು ನೋಡಿ

ಮನೆ ಕಟ್ಟುವುದೆಂದರೆ ಸಂಘದಲ್ಲಿ ಕೂಡಿಟ್ಟ ಹಣ, ಪೀಕು ಮಾರಿದ ದುಡ್ಡು, ಕೆಲವೊಮ್ಮೆ ಕೊರಳಿನ ಬಂಗಾರವೂ ಹೋಗುವ ಕೆಲಸ. ಆದರೆ ಜಾಗ ನೋಡಲು ಹೋಗುವವರು ಹೆಚ್ಚಾಗಿ ಗಂಡಸರು. "ತಾಟಿನಂಗ ಸಪಾಟ ಐತಿ, ಇನ್ನೇನ್ ನೋಡೂದು?" ಎಂದು ಮುಂಗಡ ಕೊಟ್ಟೇ ಬರುತ್ತಾರೆ. ನೀವೂ ಜೊತೆಗೆ ಹೋಗಿ. ನೋಡಬೇಕಾದದ್ದು ಬಹಳಷ್ಟಿದೆ.

ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಸೀಮೆಯಲ್ಲಿ ಎರೆ ಮಣ್ಣೂ ಇದೆ, ಮಸಾರಿಯೂ ಇದೆ. ಇಲ್ಲಿ ಸಪಾಟ ಜಾಗವೆಲ್ಲ ಅಗ್ಗವೂ ಅಲ್ಲ, ಇಳಿಜಾರೆಲ್ಲ ದುಬಾರಿಯೂ ಅಲ್ಲ.

ಸಪಾಟ ಜಾಗವಾದರೆ

ಅಂಗಳ ವಿಶಾಲವಾಗಿ ಸಿಗುತ್ತದೆ. ಮೆಣಸಿನಕಾಯಿ, ಸಂಡಿಗೆ ಒಣಗಿಸಲು ಅನುಕೂಲ. ವಯಸ್ಸಾದ ಅತ್ತೆ-ಮಾವನಿಗೆ ಮೆಟ್ಟಿಲಿನ ತ್ರಾಸಿಲ್ಲ. ಆದರೆ ಆಳವಾದ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲ್ಮಣ್ಣಿನಲ್ಲೇ ಪಾಯ ಹಾಕಿದರೆ ಗೋಡೆಯೂ ಬಿರುಕು ಬಿಡುತ್ತದೆ. ಎರೆ ಪದರ ತೆಳುವಾಗಿದ್ದರೆ ಅದನ್ನು ತೆಗೆದು ಗಟ್ಟಿ ಗರಸಿನ ಮೇಲೆ ಪಾಯ ಹಾಕಬಹುದು. ಬಹಳ ಆಳವಿದ್ದರೆ ಬುಡ ಗಡಿಗೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಸುಮಾರು ಮೂರೂವರೆ ಮೀಟರ್ ಆಳಕ್ಕೆ ಇಳಿಸುವ ಪದ್ಧತಿಯಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ರೂಢಿಗೆ ತಂದಿತು. ಎಂಜಿನಿಯರ್ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬೇಡಿ.

ತಗ್ಗಿನ ಜಾಗವಾದರೆ ನೀರಿನ ಚಿಂತೆಯೂ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿದಾಗ ಹಾವೇರಿ ಜಿಲ್ಲೆಯ ನದಿತೀರದ ಊರುಗಳಲ್ಲಿ ಮನೆಗಳಿಗೆ ನೀರು ನುಗ್ಗಿತ್ತು.

ಇಳಿಜಾರಾದರೆ

ಮಳೆನೀರು ನಿಲ್ಲುವುದಿಲ್ಲ, ಗಾಳಿ-ಬೆಳಕು ಚೆನ್ನಾಗಿರುತ್ತದೆ. ಗರಸು ನೆಲವಾದರೆ ಪಾಯವೂ ಗಟ್ಟಿ. ಆದರೆ ಮಟ್ಟ ಮಾಡುವ ಖರ್ಚನ್ನು ಮೊದಲೇ ಲೆಕ್ಕ ಹಾಕಿ. 30x40 ಅಡಿ ಜಾಗ ಉದ್ದಕ್ಕೆ 4 ಅಡಿ ಇಳಿದಿದ್ದರೆ, ಎತ್ತರದ ಮಟ್ಟಕ್ಕೆ ತುಂಬಲು 2,400 ಘನ ಅಡಿ, ಅಂದರೆ 24 ಬ್ರಾಸ್ ಮಣ್ಣು ಬೇಕು. ತಡೆಗೋಡೆಯ ಖರ್ಚು ಬೇರೆ.

ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಿರುತ್ತದೆ. ಅದರ ಮೇಲೆ ಪಾಯ ಬೇಡ, ಕೆಳಗಿನ ಮೂಲ ನೆಲದವರೆಗೆ ಇಳಿಸಿ. ತಡೆಗೋಡೆಯಲ್ಲಿ ನೀರು ಹೊರಹೋಗಲು ಕಿಂಡಿಗಳಿರಲಿ. ಹಿಂಬದಿಯ ದಿಬ್ಬವನ್ನು ನೆಟ್ಟಗೆ ಕಡಿಸಬೇಡಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಸಾವು-ನೋವಾಯಿತು. ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಅದಕ್ಕೊಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ನಮ್ಮ ದಿಬ್ಬಗಳು ಅಷ್ಟು ಕಡಿದಾಗಿಲ್ಲ, ಆದರೂ ಎಚ್ಚರ ಬೇಕು.

ಕಡಿಮೆ ಇಳಿಜಾರಿದ್ದರೆ ಎಲ್ಲವನ್ನೂ ಮಟ್ಟ ಮಾಡಬೇಕೆಂದಿಲ್ಲ. ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟಿ, ಕೆಳಗಿನ ಭಾಗವನ್ನು ಕಟ್ಟಿಗೆ, ಕಾಳು-ಕಡಿ ಇಡಲು ಬಳಸಿ.

ಮುಂಗಡ ಕೊಡುವ ಮುನ್ನ

* ಬೇಸಿಗೆಯಲ್ಲೊಮ್ಮೆ, ಜೋರು ಮಳೆಯ ಮರುದಿನ ಒಮ್ಮೆ ಜಾಗ ನೋಡಿ. ಬಿರುಕು ಎಷ್ಟು ಅಗಲ, ನೀರು ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ.
* ಮಾಲೀಕರ ಒಪ್ಪಿಗೆ ಪಡೆದು ಐದಾರು ಅಡಿ ಗುಂಡಿ ತೋಡಿಸಿ. ಗರಸು ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ.
* ಗೌಂಡಿಯಿಂದ ನೀರಿನ ಪೈಪ್ ಹಿಡಿಸಿ ಇಳಿಜಾರು ಅಳೆಯಿಸಿ. ಕಣ್ಣಳತೆ ನಂಬಬೇಡಿ.
* ಅಕ್ಕಪಕ್ಕದ ಮನೆಗಳ ಗೋಡೆ ಗಮನಿಸಿ. ಆ ಮನೆಯ ಹೆಣ್ಣುಮಕ್ಕಳನ್ನು ಮಾತಾಡಿಸಿ. "ಅಕ್ಕಾ, ಮಳಿಗಾಲದಾಗ ಒಳಗ ನೀರು ಬರತೈತೇನ್ರಿ?" ಎಂದರೆ ನಿಜ ಹೇಳುತ್ತಾರೆ.
* ಪೂರ್ವ ಅಥವಾ ಉತ್ತರಕ್ಕೆ ಇಳಿಜಾರಿದ್ದರೆ ಶುಭವೆಂದು ವಾಸ್ತು ಹೇಳುವವರಿದ್ದಾರೆ. ಅದನ್ನು ಕೇಳುವುದಾದರೆ ಕೇಳಿ. ನೀರು ಹರಿದು ಯಾರ ಹಿತ್ತಲಿಗೆ ಹೋಗುತ್ತದೆ ಎಂಬುದನ್ನೂ ನೋಡಿ.
* ಹೊಲದ ಜಾಗವಾದರೆ ಎನ್.ಎ. ಆಗಿದೆಯೇ ಕೇಳಿ. ಖರೀದಿ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ.

ಎರಡು ಜಾಗಗಳನ್ನು ಹೋಲಿಸುವಾಗ ಬರೀ ಜಾಗದ ಬೆಲೆ ನೋಡಬೇಡಿ. ಪಾಯ, ಭರಾವು, ತಡೆಗೋಡೆ ಸೇರಿಸಿ ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಆಳದ ಎರೆಯ ಸಪಾಟಿಗಿಂತ ಗರಸಿನ ಸಣ್ಣ ಇಳಿಜಾರೇ ಹಲವು ಬಾರಿ ಅಗ್ಗವಾಗುತ್ತದೆ. ಈ ಲೆಕ್ಕ ಮುಗಿಯುವ ತನಕ ಬಂಗಾರ ಕಪಾಟಿನಲ್ಲೇ ಇರಲಿ.