ನಾಡಗೀತೆಗೆ ಧಾಟಿ ಬಂತು, ಕಲಿಸೋ ಮೇಷ್ಟ್ರು ಬರಲಿಲ್ಲ!

ಬೆಳಗಿನ ಬಸ್ಸು ಹಿಡಿದು ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೋಗೋರಿಗೆ ಇದು ದಿನಾ ಸಿಗೋ ಬಿಟ್ಟಿ ಕಛೇರಿ. ಬಸ್ಸು ಊರೂರಿನ ಸರ್ಕಾರಿ ಶಾಲೆ ಹತ್ತಿರ ನಿಂತಾಗ ಪ್ರಾರ್ಥನೆ ಕಿವಿಗೆ ಬೀಳುತ್ತದೆ. ಒಂದೂರಲ್ಲಿ ನಾಡಗೀತೆ ಎತ್ತಿನಗಾಡಿ ಥರ, ಮುಂದಿನೂರಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಥರ. ಮಕ್ಕಳ ಗಂಟಲಿಗೇನೂ ಕೊರತೆಯಿಲ್ಲ. ಶ್ರುತಿ ಹಿಡಿದು ತೋರಿಸೋರು ಇಲ್ಲ, ಅಷ್ಟೆ.

ಕುವೆಂಪು ಅವರ ಕವಿತೆ ನಾಡಗೀತೆಯಾದದ್ದು 2004ರಲ್ಲಿ. ಯಾವ ಧಾಟಿ, ಎಷ್ಟು ಹೊತ್ತು ಎಂಬ ಜಗ್ಗಾಟ ಮುಗಿಯೋದಕ್ಕೆ 18 ವರ್ಷ ಹಿಡಿಯಿತು. ಕಡೆಗೆ 2022ರಲ್ಲಿ ಸರ್ಕಾರ, ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿಗೆ ಮುಗಿಸಿ ಎಂದು ಆಜ್ಞೆ ಮಾಡಿತು. ಸರಿ, ಕಲಿಸೋರು ಯಾರು? ಹಳ್ಳಿಯ ಪ್ರೈಮರಿ ಶಾಲೆಗಳಿಗೆ ಸಂಗೀತದ ಮೇಷ್ಟ್ರು ಅಂತ ಬರೋದೇ ಅಪರೂಪ. ಕನ್ನಡದವರೋ ಗಣಿತದವರೋ, ನಾಲ್ಕು ಸಾಲು ಹಾಡಲು ಬರೋರು ಇದ್ದರೆ ಅವರೇ ಹೇಳಿಕೊಡಬೇಕು. ಅವರಿಗೆ ವರ್ಗವಾದರೆ ಹಾಡಿಗೂ ವರ್ಗ.

ಇದು ಎಂಥಾ ತಾಲೂಕು ಸ್ವಾಮಿ! ನರಸೀಪುರದ ಹೆಸರಿನ ಮುಂದಿರೋ ‘ಟಿ’ ಅಂದರೆ ತಿರುಮಕೂಡಲು. ಪಿಟೀಲು ಚೌಡಯ್ಯನವರ ಹೆಸರಿನ ಮುಂದಿರೋದೂ ಅದೇ ‘ಟಿ’. ಕಾವೇರಿ-ಕಪಿಲೆ ಕೂಡುವ ಈ ಊರಿನ ಹುಡುಗ ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರ ಕೈಕೆಳಗೆ ಕಲಿತ. ಮೈಕು ಇಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ಪಿಟೀಲು ಕೇಳಲಿ ಎಂದು ನಾಲ್ಕು ತಂತಿಗೆ ಇನ್ನೂ ಮೂರು ಕಟ್ಟಿದ ಪುಣ್ಯಾತ್ಮ ಅವರು. ಬೆಂಗಳೂರಿನಲ್ಲಿ ಅವರ ಹೆಸರಿನ ಭವನ ಪಿಟೀಲಿನ ಆಕಾರದಲ್ಲೇ ಎದ್ದು ನಿಂತಿದೆ.

ಈಗಲೂ ಕಲಿಯೋ ಆಸೆಯಿದ್ದರೆ ಮೈಸೂರಿಗೇ ಹೋಗು ಅನ್ನೋದು ಸುಲಭದ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಾರ್ಜು ಉಳಿಯಿತು, ನಿಜ. ಪಾಠದ ಫೀಜು ಯಾರು ಕೊಡ್ತಾರೆ? ಕತ್ತಲಾದ ಮೇಲೆ ಸ್ಟಾಪಿನಿಂದ ಮನೆಗೆ ಯಾರು ಕರಕೊಂಡು ಹೋಗ್ತಾರೆ? ಕೂಲಿಯವರ ಮನೆ ಮಗುವಿಗೆ ಶಾಲೆಯಲ್ಲಿ ಸಿಕ್ಕಿದ್ದೇ ಸಂಗೀತ.

ಹಾಗಂತ ಸರಳೆ ವರಸೆಯಿಂದಲೇ ಶುರುಮಾಡಬೇಕು ಅಂತೇನಿಲ್ಲ. ಈ ಸೀಮೆಯ ಮಕ್ಕಳಿಗೆ ಹಾಡು ಹುಟ್ಟಿನಿಂದಲೇ ಗೊತ್ತು. ನೀಲಗಾರರು ತಂಬೂರಿ, ದಮ್ಮಡಿ, ಗಗ್ಗರ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಎತ್ತಿದರೆ ಬೆಳಗಾಗುವ ತನಕ ಬಿಡೋದಿಲ್ಲ. ಮಾದಪ್ಪನ ದೇವರಗುಡ್ಡರ ಕಂಸಾಳೆ ನೋಡಿ: ಎಡಗೈಯಲ್ಲಿ ಬಟ್ಟಲಿನಂಥದ್ದು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸುತ್ತಾ, ಕುಣಿಯುತ್ತಾ, ಹಾಡುತ್ತಾ ಲೆಕ್ಕ ತಪ್ಪದಿರಬೇಕು. ತಾಳದ ಪಾಠಕ್ಕೆ ಇದಕ್ಕಿಂತ ಬೇರೆ ಪುಸ್ತಕ ಬೇಕೆ? 1996ರಲ್ಲಿ ‘ಜನುಮದ ಜೋಡಿ’ ಚಿತ್ರ ಮಾದಪ್ಪನ ಹಾಡನ್ನು ಟಾಕೀಸಿಗೆ ತಂದಾಗ ರಾಜ್ಯವೇ ಗುನುಗಿತು. ನಮ್ಮ ಹಟ್ಟಿಯಲ್ಲೇ ಇದ್ದ ಹಾಡು ಸಿನಿಮಾದಿಂದ ವಾಪಸು ಬರಬೇಕಾಯಿತು!

ಆ ಹಾಡುಗಾರರಿಗೆ ವಯಸ್ಸಾಗುತ್ತಿದೆ. ರಾತ್ರಿಯಿಡೀ ಹಾಡೋ ಕಥೆ ಅವರ ತಲೆಯಲ್ಲಿದೆ. ಮಕ್ಕಳು ಕೂತು ಕಲಿಯದಿದ್ದರೆ ಅವರ ಜೊತೆಗೇ ಮಣ್ಣು ಸೇರುತ್ತದೆ.

ದಾರಿ ಇಲ್ಲದೇ ಇಲ್ಲ. ಪಾಠದ ಮೇಷ್ಟ್ರು ಸಾಲದಿದ್ದರೆ ಇಲಾಖೆಯೇ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತದೆ, ಗೌರವಧನ ಕೊಡುತ್ತದೆ. ಹಾಡಿಗೂ ಹಾಗೇ ಮಾಡಬಾರದೆ? ತಿಂಗಳ ಮೂರನೇ ಶನಿವಾರ ‘ಸಂಭ್ರಮ ಶನಿವಾರ’, ಮಕ್ಕಳು ಬ್ಯಾಗು ಹೊರಬೇಕಾಗಿಲ್ಲ ಎಂದು 2022ರ ಹೊತ್ತಿಗೆ ಸರ್ಕಾರವೇ ಹೇಳಿತು. ಆ ದಿನ ಊರಿನ ತಂಬೂರಿ ಅಜ್ಜನನ್ನು ಶಾಲೆಗೆ ಕರೆಸಿ, ಒಂದು ಭಾವಗೀತೆ, ಒಂದು ಮಾದಪ್ಪನ ಹಾಡು, ಮಕ್ಕಳು ಕೇಳಿದ ಒಂದು ಸಿನಿಮಾ ಹಾಡು ಹಾಡಿಸಲು ಅಡ್ಡಿಯೇನು? ಸಿನಿಮಾ ಹಾಡು ಅಂದ ಕೂಡಲೇ ಹುಬ್ಬು ಗಂಟಿಕ್ಕೋ ಹೆಡ್‌ಮಾಸ್ತರೂ ಇದ್ದಾರೆ, ಇರಲಿ. ಸುತ್ತೂರು ಜಾತ್ರೆಯ ಭಜನಾ ಮೇಳಕ್ಕೆ ಹಳ್ಳಿ ಹಳ್ಳಿಯ ತಂಡಗಳು ಬಂದು ಹಾಡೋದನ್ನು ಅವರೊಮ್ಮೆ ನೋಡಿ ಬರಲಿ.

ಇನ್ನು ಅಂಗಡಿ ಬೀದಿಯ ಸಾಹುಕಾರರಿಗೊಂದು ಮಾತು. ಆಗಸ್ಟ್ 15ಕ್ಕೆ ಶಾಲೆಯವರು ಚೀಟಿ ಹಿಡಿದು ಬಂದಾಗ ಲಾಡು, ಸ್ಟೀಲ್ ತಟ್ಟೆ ಕೊಡ್ತೀರಿ, ಕೊಡಿ. ಈ ಸಲ ಅದರ ಜೊತೆಗೆ ಒಂದು ದಮ್ಮಡಿ, ಎರಡು ಜೊತೆ ಕಂಸಾಳೆ ಬರೆಸಿ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಅಂತಲೂ ಚೀಟಿಯ ಮೇಲೇ ಬರೆದುಬಿಡಿ.