18 ಡಾಲರ್‌ಗೆ 160 ಎಕರೆ: ‘ಪುಕ್ಕಟೆ’ ಜಮೀನಿನ ಖರ್ಚು ಯಾರ ಖಾತೆಗೆ?

ನಾನು ಓದಿದ್ದು ಬಿ.ಕಾಂ. ಹಾಗಾಗಿ ಯಾರಾದ್ರೂ ‘ಪುಕ್ಕಟೆ’ ಅಂದ ತಕ್ಷಣ ನಾನು ಕೇಳೋದು ಒಂದೇ ಪ್ರಶ್ನೆ: ಖರ್ಚು ಯಾರ ಖಾತೆಗೆ ಬಿತ್ತು? ಇವತ್ತು ಅಮೆರಿಕದ ಹೋಮ್‌ಸ್ಟೆಡ್ ಕಾಯ್ದೆಗೆ ಅದೇ ಪ್ರಶ್ನೆ ಕೇಳೋಣ.

1862ರ ಮೇ 20ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಇದಕ್ಕೆ ಸಹಿ ಹಾಕಿದರು. ಷರತ್ತು ಸರಳ. 160 ಎಕರೆವರೆಗೆ ಸರ್ಕಾರಿ ಜಮೀನು ಆರಿಸಿಕೊಳ್ಳಿ, ಐದು ವರ್ಷ ಅಲ್ಲೇ ಇದ್ದು ಮನೆ ಕಟ್ಟಿ, ಉಳುಮೆ ಮಾಡಿ. ಹಕ್ಕುಪತ್ರ ನಿಮ್ಮದು. ಶುಲ್ಕ ಎಲ್ಲಾ ಸೇರಿ ಸುಮಾರು 18 ಡಾಲರ್. ಒಂಟಿ ಮಹಿಳೆಯರು ಅರ್ಜಿ ಹಾಕಬಹುದಿತ್ತು, ಪೌರತ್ವ ಕೋರಿದ್ದ ವಲಸಿಗರೂ ಹಾಕಬಹುದಿತ್ತು.

ಆದ್ರೆ ನೇಗಿಲು, ಎತ್ತು, ಬಿತ್ತನೆ ಬೀಜ, ಬಾವಿ, ಇದಕ್ಕೆಲ್ಲ ದುಡ್ಡು ಬೇಕಲ್ವಾ? ನೆಬ್ರಾಸ್ಕಾ, ಕಾನ್ಸಸ್ ಬಯಲಲ್ಲಿ ಮರಗಳೇ ಕಡಿಮೆ. ಜನ ಹುಲ್ಲಿನ ಬೇರಿರೋ ಮಣ್ಣನ್ನೇ ಇಟ್ಟಿಗೆ ಥರ ಕತ್ತರಿಸಿ ಮನೆ ಕಟ್ಟಿಕೊಂಡರು. ಇನ್ನೂ ಪಶ್ಚಿಮಕ್ಕೆ ಹೋದ್ರೆ ಬಹಳ ಕಡೆ ವರ್ಷಕ್ಕೆ 20 ಇಂಚು ಮಳೆಯೂ ಇಲ್ಲ. ಪೂರ್ವದಲ್ಲಿ ಒಂದು ಕುಟುಂಬಕ್ಕೆ ಧಾರಾಳವಾಗಿದ್ದ 160 ಎಕರೆ ಇಲ್ಲಿ ಸಾಲುತ್ತಿರಲಿಲ್ಲ. ಎಷ್ಟೋ ಜನ ಐದು ವರ್ಷ ತುಂಬೋ ಮೊದಲೇ ಜಾಗ ಬಿಟ್ಟು ಹೊರಟರು. ಆದರೂ ಒಟ್ಟಾರೆ ಸುಮಾರು 16 ಲಕ್ಷ ಹಕ್ಕುಪತ್ರಗಳು ಸಿಕ್ಕವು, ಸುಮಾರು 27 ಕೋಟಿ ಎಕರೆಗೆ.

ಇಷ್ಟು ಜಮೀನು ಸರ್ಕಾರಕ್ಕೆ ಬಂದಿದ್ದು ಎಲ್ಲಿಂದ? ಬಹುಪಾಲು ಮೂಲನಿವಾಸಿಗಳಿಂದ. ಕೆಲವು ಕಡೆ ಒಪ್ಪಂದದಿಂದ, ಕೆಲವು ಕಡೆ ಯುದ್ಧದಿಂದ, ಎಷ್ಟೋ ಕಡೆ ಒಪ್ಪಂದ ಮುರಿದು.

ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿ. 1862ರಲ್ಲಿ ಮಿನ್ನೆಸೋಟದ ಡಕೋಟ ಜನರಿಗೆ, ಬಿಟ್ಟುಕೊಟ್ಟ ಭೂಮಿಗೆ ಬರಬೇಕಿದ್ದ ಹಣ ತಡವಾಯ್ತು. ಜನ ಹಸಿದರು, ಯುದ್ಧ ಶುರುವಾಯ್ತು, ಅವರು ಸೋತರು. ಡಿಸೆಂಬರ್ 26ರಂದು ಮ್ಯಾಂಕಾಟೊ ಊರಲ್ಲಿ 38 ಡಕೋಟ ಪುರುಷರನ್ನ ಒಟ್ಟಿಗೆ ಗಲ್ಲಿಗೇರಿಸಲಾಯಿತು. ಆರು ದಿನದ ನಂತರ, 1863ರ ಜನವರಿ 1ರಂದು, ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂತು. ಅದೇ ವರ್ಷ ಡಕೋಟ ಜನರನ್ನ ಮಿನ್ನೆಸೋಟದಿಂದ ಹೊರಗೆ ಹಾಕೋಕೆ ಕಾನೂನೇ ಆಯ್ತು.

ಮುಂದೆ 1887ರ ಡಾಸ್ ಕಾಯ್ದೆ. ಮೂಲನಿವಾಸಿಗಳು ಒಟ್ಟಾಗಿ ಇಟ್ಟುಕೊಂಡಿದ್ದ ಭೂಮಿಯನ್ನ ತುಂಡು ಮಾಡಿ, ಕುಟುಂಬದ ಯಜಮಾನನಿಗೆ 160 ಎಕರೆ ಅಂತ ಹಂಚಿದರು. ಉಳಿದಿದ್ದಕ್ಕೆ ‘ಹೆಚ್ಚುವರಿ’ ಅಂತ ಹೆಸರಿಟ್ಟು ಹೊರಗಿನವರಿಗೆ ತೆರೆದರು. ಹಂಚಿದ ತುಂಡುಗಳೂ ಕಾಲಕ್ರಮೇಣ ಕೈಬಿಟ್ಟು ಹೋದವು. 1887ರಲ್ಲಿ ಸುಮಾರು 13.8 ಕೋಟಿ ಎಕರೆ ಇದ್ದಿದ್ದು, 1934ರ ಹೊತ್ತಿಗೆ 4.8 ಕೋಟಿಗೆ ಇಳಿಯಿತು.

ಮಣ್ಣಿನ ಮನೆಯಲ್ಲಿ ಚಳಿಗಾಲ ಕಳೆದ ಬಡ ಕುಟುಂಬದ ಕಷ್ಟ ಸುಳ್ಳಲ್ಲ. ಅವರಲ್ಲಿ ಬಹಳ ಜನ ಯುರೋಪಿನಲ್ಲಿ ಒಂದು ಎಕರೆಯೂ ಇಲ್ಲದವರು. ಆದ್ರೆ ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ ಜಮೆ ಬರೆದರೆ ಇನ್ನೊಂದು ಕಡೆ ಖರ್ಚು ಬರೀಲೇಬೇಕು. ಆ ಪುಟವನ್ನ ಅಮೆರಿಕ ಬಹಳ ಕಾಲ ಖಾಲಿ ಬಿಟ್ಟಿತ್ತು. ಮುಂದಿನ ಸಂಚಿಕೆಯಲ್ಲಿ ರೈಲ್ವೆ ಕಂಪನಿಗಳಿಗೆ ಸಿಕ್ಕ ಜಮೀನಿನ ಬಗ್ಗೆ ಮಾತಾಡೋಣ. ಅಲ್ಲಿವರೆಗೂ ಕೇಳ್ತಾ ಇರಿ.